ಮೇಷ್ಟ್ರು ಹೊಗಳಿದ್ದು

ನನ್ನ ತಂಗಿಯನ್ನು ಮನೆಯಲ್ಲಿ ಎಲ್ಲರೂ ಕರೆಯುವುದು 'ಬಹುಶಃ' ಎಂದು. ಆ ಹೆಸರು ಇಟ್ಟವಳು ನಾನೇ. ಅದಕ್ಕೆ ನನಗೇನೂ ನಾಚಿಕೆಯಿಲ್ಲ, ಇಡದೆ ಇನ್ನೇನು ಮಾಡಲಿ? "ಹಸಿವಾಗಿದ್ಯಾ?" ಎಂದರೆ "ಬಹುಶಃ". "ಹೊರಗೆ ಮಳೆ ಬರ್ತಿದ್ಯಾ?" ಎಂದರೆ ಕಿಟಕಿಯ ಹತ್ತಿರ ಹೋಗಿ, ಕೈ ಹೊರಗೆ ಚಾಚಿ, ಒದ್ದೆಯಾದ ಅಂಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮೇಲಿನ ಮನೆಯವರು ಒಣಹಾಕಿದ ಬಟ್ಟೆಯ ನೀರೂ ಇರಬಹುದು" ಎನ್ನುತ್ತಾಳೆ. ಇಂಥವಳ ಜೊತೆ ಒಂದೇ ಸೂರಿನಡಿ ಬಾಳಿ ನೋಡಿ, ಆಗ ನನ್ನ ಪಾಡು ಗೊತ್ತಾಗುತ್ತದೆ.

ನನ್ನದು ಕನ್ನಡಕದ ಅಂಗಡಿ. ಅಪ್ಪ ಇಟ್ಟದ್ದು. ಅಪ್ಪ ಹೋದ ಮೇಲೆ ನಾನು ನಡೆಸಿಕೊಂಡು ಬಂದಿದ್ದೇನೆ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಾಲು ಜಾರಿದರೆ ಹಲ್ಲು ಉದುರಿಸುವ ಮರದ ಮೆಟ್ಟಿಲು. ಈ ಕಸುಬಿನಲ್ಲಿ ಗಾಜು, ಚೌಕಟ್ಟು ಎಲ್ಲ ಆಮೇಲೆ, ಬಾಯಿ ಮೊದಲು. ಮೂಗಿನ ಮೇಲೆ ನಿಲ್ಲದ ಚೌಕಟ್ಟನ್ನು ಇಷ್ಟಪಟ್ಟವರಿಗೂ "ಅಯ್ಯೋ, ನಿಮಗೇ ಅಂತ ಮಾಡಿಸಿದ ಹಾಗಿದೆ" ಎನ್ನಬೇಕು. ಅಂದಿದ್ದೇನೆ, ಇನ್ನೂ ಅನ್ನುತ್ತೇನೆ. ಒಂದು ದಿನ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು, ಬಾಗಿಲಿಗೆ ಒಂದು ಚೀಟಿ ಅಂಟಿಸೇ ಎಂದು ತಂಗಿಗೆ ಹೇಳಿ ಹೊರಟೆ. ಬಂದು ನೋಡಿದರೆ, "ಮಾಲೀಕರು ಮಧ್ಯಾಹ್ನದ ಮೇಲೆ ಬರುವ ಸಂಭವವಿದೆ" ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿದ್ದಳು. ಎದುರಿನ ಚಪ್ಪಲಿ ಅಂಗಡಿಯವನು ಆ ಚೀಟಿಯನ್ನು ಓದಿ ಓದಿ ಇಡೀ ಬೀದಿಗೆ ಹೇಳಿಕೊಂಡು ನಕ್ಕ.

ಅವಳ ಕೆಲಸ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ. ಅಗೆದು ತಂದ ಮಡಕೆ ಚೂರುಗಳು ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ಬಂದು ಬೀಳುತ್ತವೆ. ಅವನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಹಳೆಯ ಪತ್ರಿಕೆಯ ಮೇಲೆ ಒಣಗಿಸಿ, ಒಳಮೈಯಲ್ಲಿ ಇರುವೆ ಕಾಲಿನಷ್ಟು ಸಣ್ಣ ಅಂಕಿ ಬರೆದು, ಮೇಲೊಂದು ತೆಳ್ಳನೆ ಮೆರುಗೆಣ್ಣೆ ಹಚ್ಚಿ ಇಡಬೇಕು. ಬೆಳಗಿನಿಂದ ಸಂಜೆಯವರೆಗೆ ಇದೇ. ನಮ್ಮ ಮನೆಯಲ್ಲಿ ಹಲ್ಲುಜ್ಜುವ ಬ್ರಷ್ಷು ಒಂದು ವಾರಕ್ಕಿಂತ ಹೆಚ್ಚು ಬಾಳಿದ್ದು ನನಗೆ ನೆನಪಿಲ್ಲ. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲ, ಕೊಳವೆ ದೀಪವೊಂದು ಸದಾ ಗುಂಯ್ ಎನ್ನುತ್ತಿರುತ್ತದೆ. ಚೂರುಗಳ ಮೇಲೆ ಅಕ್ಷರ ಗೀಚಿದ್ದು ಸಿಕ್ಕಿದ ದಿನ ಮಾತ್ರ ಇವಳ ಮುಖ ನೋಡಬೇಕು, ಯಾರೋ ಹೆಸರು ಹಿಡಿದು ಕರೆದ ಹಾಗೆ ಅರಳಿರುತ್ತದೆ. ಆದರೆ ಅದನ್ನು ಓದುವ ಅಧಿಕಾರ ಇವಳಿಗಿಲ್ಲ, ಅಂಕಿ ಬರೆದು ಮೇಲಿನವರಿಗೆ ಕಳಿಸಬೇಕು ಅಷ್ಟೆ. ಅಗೆಯುವ ಜಾಗಕ್ಕೆ ಹೋಗಬೇಕೆಂದರೂ, ಓದಬೇಕೆಂದರೂ, ಸ್ನಾತಕೋತ್ತರ ಪದವಿ ಬೇಕು. ಪ್ರಾಚೀನ ಭಾಷೆ ಮತ್ತು ಪುರಾತತ್ವ ಅಂತ ಅದರ ಹೆಸರು.

ಅದಕ್ಕೆ ಅರ್ಜಿ ಹಾಕುತ್ತಾ ಬಂದಳು. ಹಾಕಿದಲ್ಲೆಲ್ಲ ಇಲ್ಲ ಎಂಬ ಉತ್ತರ ಬಂತು. ಓದಿನಲ್ಲಿ ಕೊರತೆಯಿತ್ತೇ ಎಂದರೆ, ಗ್ರೀಕ್ ಲ್ಯಾಟಿನ್ ಎರಡನ್ನೂ ಅಡುಗೆಮನೆಯ ಮೇಜಿನ ಮುಂದೆ ಕುಳಿತು ತಾನೇ ಕಲಿತವಳು. ಪರೀಕ್ಷೆಯಲ್ಲಿ ಅಂಕ ಬರುತ್ತಿತ್ತು, ಸೀಟು ಮಾತ್ರ ಬರುತ್ತಿರಲಿಲ್ಲ. ಈ ಸಲ ಉಳಿದದ್ದು ನಮ್ಮ ಊರಿನದೇ ಒಂದು ವಿಶ್ವವಿದ್ಯಾಲಯ. ಪದವಿ ಮುಗಿಸಿ ಇಷ್ಟು ವರ್ಷವಾದವರನ್ನು ತೆಗೆದುಕೊಳ್ಳುವುದಿಲ್ಲ ಎಂಬ ನಿಯಮವೊಂದಿದೆ, ಇವಳು ಆ ಗೆರೆಯ ಅಂಚಿಗೆ ಬಂದು ನಿಂತಿದ್ದಳು. ಈ ವರ್ಷ ತಪ್ಪಿದರೆ ಮುಗಿಯಿತು, ಜೀವಮಾನವಿಡೀ ನೆಲಮಾಳಿಗೆಯಲ್ಲಿ ಬೇರೆಯವರು ಓದುವ ಚೂರುಗಳನ್ನು ತೊಳೆಯುತ್ತಾ ಕೂರಬೇಕು. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಿದ್ದೆ ಕೆಟ್ಟದ್ದು ಮಾತ್ರ ನನ್ನದು.

ಅರ್ಜಿಯ ಜೊತೆ 'ಈ ವಿಷಯವನ್ನೇಕೆ ಓದಬಯಸುವಿರಿ' ಎಂದು ಎರಡು ಪುಟ ಬರೆಯಬೇಕು. ಭಾನುವಾರ ಮೂವರೂ ಮೇಜಿನ ಸುತ್ತ ಕುಳಿತೆವು. ಅಮ್ಮ ಬಟಾಣಿ ಸುಲಿಯುತ್ತಿದ್ದಳು. ತಂಗಿ ಬರೆದದ್ದನ್ನು ಓದಿದೆ. ಮೊದಲ ಸಾಲು ಹೀಗಿತ್ತು: "ನನಗೆ ಈ ವಿಷಯದಲ್ಲಿ ಆಸಕ್ತಿ ಇದ್ದಂತೆ ತೋರುತ್ತದೆ."

"ಇದ್ದಂತೆ ತೋರುತ್ತದಾ? ಯಾರಿಗೆ ತೋರುತ್ತೆ? ಪಕ್ಕದ ಮನೆಯವರಿಗಾ?" ಎಂದೆ.

"ನನ್ನ ಬಗ್ಗೆ ನಾನೇ ಹೇಳ್ಕೊಳ್ಳುವಾಗ ಸ್ವಲ್ಪ ಹುಷಾರಾಗಿರ್ಬೇಕಲ್ಲಕ್ಕಾ. ನಾನು ಒಬ್ಬಳೇ ಸಾಕ್ಷಿ, ಅದೂ ಪಕ್ಷಪಾತ ಇರೋ ಸಾಕ್ಷಿ."

"ಚಿಕ್ಕಂದಿನಿಂದಲೇ ನನಗೆ ಇದರ ಹುಚ್ಚು ಅಂತ ಬರಿ. ಎಲ್ಲರೂ ಹಾಗೇ ಬರೀತಾರೆ."

"ಚಿಕ್ಕಂದಿನಿಂದ ಅನ್ನೋದಕ್ಕೆ ಆಧಾರ ಏನು?"

ಅಮ್ಮ ತಲೆ ಎತ್ತಿದಳು. "ಆಧಾರ ನಾನಿಲ್ವೇನೇ? ನೀನು ಚಿಕ್ಕವಳಿದ್ದಾಗ ಹೂಕುಂಡದ ಮಣ್ಣೆಲ್ಲ ತೋಡಿ ತೋಡಿ ತಿಂತಿದ್ದೆ. ನಿಂಗೆ ಹುಳದ ಔಷಧಿ ಕುಡಿಸಿ ಕುಡಿಸಿ ನಂಗೆ ಸಾಕಾಗಿತ್ತು."

ತಂಗಿ ಅದನ್ನೂ ಗಂಭೀರವಾಗಿ ಯೋಚಿಸಿದಳು! ಪೆನ್ನಿನ ತುದಿ ಕಚ್ಚಿಕೊಂಡು, "ಮಣ್ಣು ತಿಂದದ್ದು ಹಸಿವಿಗೆ ಆಧಾರ ಆಗಬಹುದು, ಪುರಾತತ್ವಕ್ಕೆ ಆಗಲ್ಲಮ್ಮ" ಎಂದಳು. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಮಧ್ಯಾಹ್ನವಿಡೀ ಗುದ್ದಾಡಿ ಒಂದೊಂದೇ 'ಬಹುಶಃ'ವನ್ನು ಹಲ್ಲು ಕಿತ್ತ ಹಾಗೆ ಕಿತ್ತೆ. ಒಂದನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ. ಯಾವುದೋ ಒಡೆದ ಬಟ್ಟಲಿನ ಕಾಲವನ್ನು ಕುರಿತದ್ದು ಅದು. ಹೋಗಲಿ ಬಿಡು, ಆ ಬಟ್ಟಲು ಸೀಟು ಕೇಳುತ್ತಿಲ್ಲವಲ್ಲ ಎಂದು ಸುಮ್ಮನಾದೆ.

ಇಷ್ಟು ವರ್ಷ ಸೀಟು ಯಾಕೆ ಸಿಗಲಿಲ್ಲ ಎಂಬುದು ನನಗೆ ತಿಳಿದದ್ದು ಮುಂದಿನ ವಾರ, ಅಂಗಡಿಯಲ್ಲಿ. ಇವಳಿಗೆ ಕಾಲೇಜಿನಲ್ಲಿ ಹಳೆಯ ಶಾಸನ ಓದುವುದನ್ನು ಕಲಿಸಿದ ಮೇಷ್ಟ್ರು ಬಂದರು. ನಿವೃತ್ತರಾಗಿ ಬಹಳ ಕಾಲವಾಗಿದೆ. ಬಾಗಿದ ಬೆನ್ನು, ಜೇಬಿನ ತುಂಬ ಕಾಗದ, ಕೋಟಿನ ಒಂದು ಗುಂಡಿ ಇನ್ನೊಂದರ ತೂತಿನಲ್ಲಿ. ಪ್ರತಿ ವರ್ಷ ಇವಳಿಗೆ ಶಿಫಾರಸು ಪತ್ರ ಬರೆದುಕೊಡುತ್ತಿದ್ದವರು ಅವರೇ. ಶಿಫಾರಸು ಪತ್ರವಿಲ್ಲದೆ ಅರ್ಜಿಯನ್ನು ಮುಟ್ಟುವುದೂ ಇಲ್ಲವಂತೆ. ಕನ್ನಡಕದ ಮೇಲೆ ಕುಳಿತುಬಿಟ್ಟಿದ್ದರು, ಹೊಸದು ಬೇಕಿತ್ತು. ನಾನು ಗಾಜು ಕೂರಿಸಿ, ಮೂಗಿನ ಮೇಲಿಟ್ಟು, "ಸಣ್ಣ ಅಕ್ಷರ ಏನಾದ್ರೂ ಓದಿ ನೋಡಿ ಸಾರ್" ಎಂದೆ. ಅವರು ಜೇಬಿನಿಂದ ಒಂದು ಹಾಳೆ ತೆಗೆದು, "ನಿನ್ನ ತಂಗಿಯ ಪತ್ರವೇ ಇದೆಯಲ್ಲ" ಎಂದು ಗಟ್ಟಿಯಾಗಿ ಓದಿದರು.

"ಲಭ್ಯವಿರುವ ಆಧಾರಗಳ ಮಟ್ಟಿಗೆ ಹೇಳುವುದಾದರೆ, ಈ ಅಭ್ಯರ್ಥಿಯು ಉನ್ನತ ವ್ಯಾಸಂಗಕ್ಕೆ ಅನರ್ಹಳೆಂದು ತೋರಿಸುವ ಯಾವ ಅಂಶವೂ ಇದುವರೆಗೆ ನನ್ನ ಗಮನಕ್ಕೆ ಬಂದಿಲ್ಲ. ಆಕೆಯ ಓದು ಹಲವು ಕಡೆ ತಪ್ಪಿಲ್ಲದ್ದು. ಆಕೆಯ ಶ್ರಮ ಈ ವಿಷಯಕ್ಕೆ ತೀರ ನಿರುಪಯುಕ್ತವಾಗಲಾರದು."

ಓದಿ ಮುಗಿಸಿ, ಕನ್ನಡಕ ಸರಿ ಮಾಡಿಕೊಂಡು, ತೃಪ್ತಿಯಿಂದ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದವಳು ಮುಚ್ಚಲಿಲ್ಲ.

"ಸಾರ್, ಇದು ಶಿಫಾರಸೋ ಪೊಲೀಸ್ ವರದಿಯೋ?"

"ಯಾಕಮ್ಮ? ಇಷ್ಟು ದೊಡ್ಡ ಮಾತು ನಾನು ಯಾರಿಗೂ ಬರೆದಿಲ್ಲ. ನನ್ನ ಮಗನಿಗೇ ಬರೆದಿಲ್ಲ."

"ಪ್ರತಿ ವರ್ಷ ಇದನ್ನೇ ಬರೀತಿದ್ರಾ?"

"ಮೊದಲನೇ ವರ್ಷ 'ತೀರ' ಅನ್ನೋದು ಇರಲಿಲ್ಲ. ಆಮೇಲೆ ಸೇರಿಸಿದೆ, ಅರ್ಥ ಸ್ಪಷ್ಟವಾಗಲಿ ಅಂತ."

ನನ್ನ ಪಿತ್ತ ನೆತ್ತಿಗೇರಿತು. ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು, ಅವರನ್ನು ಆಮೇಲೆ ಬನ್ನಿ ಎಂದು ಸಾಗಹಾಕಿದೆ. ಮೇಷ್ಟ್ರ ಮೂಗಿನ ಮೇಲಿದ್ದ ಹೊಸ ಕನ್ನಡಕವನ್ನು ತೆಗೆದು ನನ್ನ ಮುಂದೆ ಇಟ್ಟುಕೊಂಡೆ. ಹೊಸ ಪತ್ರ ಬರೆದುಕೊಡುವವರೆಗೆ ಇದು ನಿಮ್ಮ ಕೈಗೆ ಸಿಗುವುದಿಲ್ಲ ಎಂದು ಹೇಳಿದೆ. ಹಿರಿಯರ ಜೊತೆ ಹೀಗೆ ನಡೆದುಕೊಳ್ಳಬಾರದು, ಗೊತ್ತು. ಆದರೆ ಹಿರಿಯರೂ ಇಷ್ಟು ಹೊಟ್ಟೆ ಉರಿಸಬಾರದು.

"ಒಂದೊಂದೇ ಕೇಳ್ತೀನಿ, ಹೌದು ಇಲ್ಲ ಅಂತ ಹೇಳಿ. ಇವಳಿಗಿಂತ ಚೆನ್ನಾಗಿ ಶಾಸನ ಓದಿದ ವಿದ್ಯಾರ್ಥಿ ಯಾರಾದ್ರೂ ನಿಮಗೆ ಸಿಕ್ಕಿದ್ದಾರಾ?"

ಅವರು ಚಾವಣಿ ನೋಡಿದರು. ಒಬ್ಬೊಬ್ಬರ ಮುಖವನ್ನೂ ನೆನಪಿಗೆ ತಂದುಕೊಂಡರೆಂದು ಕಾಣುತ್ತದೆ, ಅಷ್ಟು ಹೊತ್ತು ಹಿಡಿಯಿತು. "ಇಲ್ಲ" ಎಂದರು.

"ಹಾಗಾದ್ರೆ ನನ್ನ ವಿದ್ಯಾರ್ಥಿಗಳಲ್ಲಿ ಇವಳೇ ಅತ್ಯುತ್ತಮ ಅಂತ ಬರೀರಿ."

"ನನ್ನ ಗಮನಕ್ಕೆ ಬಂದಂತೆ..."

"ಅದು ಬೇಡ!"

"ಸದ್ಯದ ಮಟ್ಟಿಗೆ..."

"ಅದೂ ಬೇಡ ಸಾರ್! ಇವಳಿಗೆ ಸೀಟು ಕೊಡಬೇಕು ಅಂತ ನಿಮಗೆ ಅನ್ಸುತ್ತಾ ಇಲ್ವಾ?"

"ಅನ್ಸುತ್ತೆ."

"ಅದನ್ನೇ ಬರೀರಿ."

ಬರೆದರು. ಕನ್ನಡಕವಿಲ್ಲದೆ ಹಾಳೆಗೆ ಮೂಗು ತಾಗಿಸಿಕೊಂಡು, ಒಂದೊಂದು ವಾಕ್ಯಕ್ಕೂ ಔಷಧಿ ಕುಡಿದವರ ಮುಖ ಮಾಡಿಕೊಂಡು ಬರೆದರು. ಒಂದೂ ಸುಳ್ಳು ಮಾತಿರಲಿಲ್ಲ, ಎಲ್ಲ ಅವರ ಬಾಯಿಂದಲೇ ಬಂದದ್ದು. ನಾನು ಕಿತ್ತುಹಾಕಿದ್ದು ಅಡ್ಡಗೋಡೆ ಮೇಲೆ ದೀಪ ಇಡುವ ಮಾತುಗಳನ್ನು ಮಾತ್ರ. ಸಹಿ ಹಾಕಿ, ಲಕೋಟೆ ಅಂಟಿಸಿ, ಅಂಟಿನ ಮೇಲೂ ಸಹಿ ಹಾಕಿ, ತಾವೇ ಅಂಚೆ ಡಬ್ಬಕ್ಕೆ ಹಾಕಿದರು. ಕನ್ನಡಕ ಕೊಟ್ಟೆ. ಸಂಜೆ ತಂಗಿಗೆ ಹಳೆಯ ಪತ್ರದ ಒಕ್ಕಣೆ ಮಾತ್ರ ಹೇಳಿದೆ, ಹೊಸದರ ಸುದ್ದಿ ಎತ್ತಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. "ತೀರ ನಿರುಪಯುಕ್ತವಾಗಲಾರದು ಅಂತ ಬರೆದ್ರಾ? ನಿಜವಾಗ್ಲೂ?" ಎಂದಳು. ಅವಳು ಆನಂದದಿಂದ ಅಳುತ್ತಿದ್ದಾಳೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಇವರಿಬ್ಬರನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಎಲ್ಲಿಯಾದರೂ ಇಟ್ಟು ಬರಬೇಕು ಅನ್ನಿಸಿತು.

ಪ್ರವೇಶ ಪರೀಕ್ಷೆ ಬರೆದು ಬಂದಳು. ಹೇಗಾಯಿತು ಎಂದರೆ "ಪ್ರಶ್ನೆಗಳು ಚೆನ್ನಾಗಿದ್ವು" ಎಂದಳು. ಅದರಿಂದ ಏನು ತಿಳಿಯಬೇಕೋ ಆ ದೇವರಿಗೇ ಗೊತ್ತು. ಕೆಲವು ವಾರಗಳಾದ ಮೇಲೆ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗದ ಗುಮಾಸ್ತೆ ಅಂಗಡಿಗೆ ಫೋನ್ ಮಾಡಿದಳು.

"ಪರೀಕ್ಷೆಯಲ್ಲಿ ನಿಮ್ಮ ತಂಗಿ ಹೆಸರು ಮೇಲೇ ಇದೆ. ಆದ್ರೆ ಶಿಫಾರಸು ಪತ್ರದ್ದು ತಕರಾರು. ಅದು ಆ ಮೇಷ್ಟ್ರು ಬರೆದದ್ದಲ್ಲ ಅಂತ ನಮ್ಮ ಪ್ರೊಫೆಸರುಗಳು ತೀರ್ಮಾನ ಮಾಡಿದ್ದಾರೆ."

"ಯಾಕಂತೆ? ಸಹಿ ಇಲ್ವಾ?"

"ಸಹಿ ಇದೆ. ಶೈಲಿ ಅವರದ್ದಲ್ವಂತೆ. ಇಷ್ಟು ವರ್ಷ ಅವರು ಬರೆದ ಪತ್ರಗಳನ್ನೆಲ್ಲ ಕಡತದಿಂದ ತೆಗೆದು ಪಕ್ಕದಲ್ಲಿಟ್ಟು ನೋಡಿದ್ರು. 'ಅತ್ಯುತ್ತಮ' ಅನ್ನೋ ಪದ ಒಂದು ಕಡೆಯೂ ಇಲ್ಲ. ಯಾರೋ ಆಮೇಲೆ ಸೇರಿಸಿದ್ದು, ನಕಲಿ ಅಂತಾರೆ. ನಾಳೆ ವಿಚಾರಣೆ ಇದೆ, ಅಲ್ಲೂ ನಕಲಿ ಅಂತ ಆದ್ರೆ ಅರ್ಜಿ ವಜಾ."

ನೋಡಿ, ಇದು ಇವರ ಕಸುಬು. ಎರಡು ಸಾವಿರ ವರ್ಷದ ಹಿಂದೆ ಸತ್ತವನ ಬರವಣಿಗೆಯನ್ನು ಹಿಡಿದು, ಈ ಸಾಲು ಅವನದ್ದು, ಈ ಸಾಲು ಯಾರೋ ತುರುಕಿದ್ದು ಎಂದು ಜೀವನವಿಡೀ ಜಗಳವಾಡುವ ಜನ. ಅದೇ ಗರಗಸವನ್ನು ತಂದು ಬದುಕಿರುವ ಮೇಷ್ಟ್ರ ಪತ್ರದ ಮೇಲೆ ಆಡಿಸಿದ್ದರು. ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಸಹಿ ನೋಡಿ ಸರಿ ಎನ್ನುತ್ತಿದ್ದರು.

"ಅಮ್ಮಾ ತಾಯಿ, ಅವರು ಬದುಕಿದ್ದಾರೆ, ಅವರಿಗೇ ಫೋನ್ ಮಾಡಿ ಕೇಳಿ" ಎಂದೆ.

"ಮಾಡಿದ್ವಿ. 'ನಾನು ಒಂದು ಪತ್ರ ಬರೆದದ್ದು ನಿಜ, ನಿಮ್ಮ ಕೈಲಿರೋದು ಅದೇನಾ ಅಂತ ನೋಡದೆ ಹೇಳಲಾರೆ' ಅಂದ್ರು. ಫೋನಲ್ಲೇ ಓದಿ ಹೇಳಿದೆ. 'ನನ್ನ ಮಾತಿನ ಹಾಗೆ ಕೇಳಿಸೋದಿಲ್ಲ' ಅಂದ್ರು."

ನಾನು ಅಂಗಡಿಗೆ ಬೀಗ ಜಡಿದು ಮೇಷ್ಟ್ರ ಮನೆಗೆ ಓಡಿದೆ. ಅವರು ಮನೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು, ಸಿಮೆಂಟ್ ಕಟ್ಟು ಹಾಕಿಸಿಕೊಂಡು, ಪುಸ್ತಕದ ರಾಶಿಯ ಮೇಲೆ ಕಾಲು ಚಾಚಿ ಮಲಗಿದ್ದರು. ನಾನು ಅಳುವುದೊಂದು ಬಾಕಿ. "ಸಾರ್, ನೀವೇ ಅಲ್ವಾ ನನ್ನ ಕಣ್ಣ ಮುಂದೆ ಬರೆದದ್ದು? ಹೌದು ಅಂತ ಒಂದು ಸಾಲು ಬರೆದುಕೊಡಿ" ಎಂದೆ. ಪಾಪ, ಕೂಡಲೇ ಬರೆಯಲು ಕುಳಿತರು. ಬಗ್ಗಿ ನೋಡಿದೆ. "ಸದರಿ ಪತ್ರವು ನನ್ನದೇ ಆಗಿರುವ ಸಾಧ್ಯತೆ ಹೆಚ್ಚು" ಎಂದಿತ್ತು.

"ಸಾಧ್ಯತೆ ಹೆಚ್ಚಾ!"

"ಅಂಚೆಯಲ್ಲಿ ಹೋದ ಮೇಲೆ ಏನಾಗಿದೆಯೋ ನನಗೆ ಹೇಗೆ ಗೊತ್ತಮ್ಮ? ಮೂಲ ಪ್ರತಿ ತಂದು ತೋರಿಸಲಿ, ನೋಡಿ ಹೇಳ್ತೀನಿ."

ಮೂಲ ಪ್ರತಿಯನ್ನು ಕಚೇರಿಯಿಂದ ಹೊರಗೆ ಕಳಿಸುವ ಹಾಗಿಲ್ಲವಂತೆ. ಇವರು ಹಾಸಿಗೆಯಿಂದ ಏಳುವ ಹಾಗಿಲ್ಲ. ಮರುದಿನವೇ ವಿಚಾರಣೆ. ನಾನು ತಲೆ ಚಚ್ಚಿಕೊಂಡು ಮನೆಗೆ ಬಂದೆ. ಇನ್ನು ತಂಗಿಗೆ ಎಲ್ಲವನ್ನೂ ಹೇಳದೆ ವಿಧಿಯಿರಲಿಲ್ಲ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದಳು. ಅವಳ ತುಟಿ ಬಿಳಚಿಕೊಂಡಿತ್ತು.

"ನೀನು ಅವರ ಕೈಲಿ ಬರೆಸಿದ್ಯಾ?"

"ಬರೆಸಿದ್ದಲ್ಲ, ಬಿಡಿಸಿ ಹೇಳಿಸಿದ್ದು. ಅವರು ಅಂದದ್ದನ್ನೇ..."

"ಅವರ ಹಳೇ ಪತ್ರ ನನಗೆ ಸಾಕಾಗಿತ್ತು ಅಕ್ಕಾ."

"ನಿನಗೆ ಸಾಕಾಗಿತ್ತು, ಸೀಟು ಕೊಡೋರಿಗೆ ಸಾಕಾಗಿತ್ತಾ? ಆ ಪತ್ರ ಹಿಡ್ಕೊಂಡು ಇಷ್ಟು ವರ್ಷ ಏನು ಸಾಧಿಸಿದೆ?"

"ಈಗ ಕಳ್ಳಿ ಅನ್ನಿಸ್ಕೊಂಡೆ" ಎಂದು ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ಅಮ್ಮ ನನ್ನ ಕಡೆ ನೋಡಿ, "ನಿನ್ನ ಬಾಯಿಗೆ ಬೀಗ ಹಾಕ" ಎಂದಳು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ನನ್ನ ಕೈಯಾರೆ ಅವಳ ಬದುಕಿಗೆ ಕಲ್ಲು ಹಾಕಿಬಿಟ್ಟೆನಲ್ಲ ಎಂದು ನನಗೆ ಹೆದರಿಕೆಯಾಗಿತ್ತು.

ಮರುದಿನ ಇಬ್ಬರೂ ಹೋದೆವು. ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಲ್ಲಿ, ನಾನು ಹಿಂದೆ. ವಿಭಾಗದ ಕೋಣೆಯಲ್ಲಿ ಉದ್ದದ ಮೇಜು, ಗೋಡೆಗೆ ಒರಗಿಸಿದ ಮುರುಕು ಕಲ್ಲುಗಳು, ಹಳೆಯ ಪುಸ್ತಕದ ವಾಸನೆ. ಮೇಜಿನಾಚೆ ಮೂವರು ಕುಳಿತಿದ್ದರು. ನಡುವೆ ವಿಭಾಗದ ಮುಖ್ಯಸ್ಥೆ, ನರೆತ ಗಿಡ್ಡ ಕೂದಲಿನ ಹೆಂಗಸು. ಒಂದು ಪಕ್ಕ ಮಾತೇ ಆಡದ ಒಬ್ಬ ದಪ್ಪ ಮನುಷ್ಯ. ಇನ್ನೊಂದು ಪಕ್ಕ ಒಬ್ಬ ಸಣಕಲು ಪ್ರೊಫೆಸರ್, ಪತ್ರ ನಕಲಿ ಎಂದು ಮೊದಲು ಹೇಳಿದವನು ಅವನೇ. ಅವನ ಮುಖ ಎಲ್ಲೋ ನೋಡಿದ ಹಾಗಿತ್ತು.

ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಕನ್ನಡಕ ಕಿತ್ತಿಟ್ಟುಕೊಂಡದ್ದನ್ನೂ ಮುಚ್ಚಿಡಲಿಲ್ಲ. ಸಣಕಲು ಪ್ರೊಫೆಸರ್ ಕೇಳುತ್ತಾ ಕೇಳುತ್ತಾ ತನ್ನ ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟ.

"ಇದನ್ನ ನಾನು ನಿಮ್ಮ ಅಂಗಡೀಲೇ ತಗೊಂಡಿದ್ದು. ನೆನಪಿದೆಯಾ? ಹತ್ತು ವರ್ಷ ಚಿಕ್ಕವರ ಹಾಗೆ ಕಾಣ್ತೀರಿ ಅಂದ್ರಿ. ಮನೆಗೆ ಹೋದ್ರೆ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ನಕ್ಕಳು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನ ಉದ್ದ ಮುಖಕ್ಕೆ ಆ ದುಂಡು ಚೌಕಟ್ಟು! ಅಂದಿರುತ್ತೇನೆ, ಅನುಮಾನವೇ ಇಲ್ಲ.

"ಅದು ವ್ಯಾಪಾರ ಸಾರ್, ಇದು ಬೇರೆ" ಎಂದೆ. ನನಗೇ ನನ್ನ ದನಿ ಇಷ್ಟವಾಗಲಿಲ್ಲ.

"ಹೊಗಳೋದು ನಿಮ್ಮ ಕಸುಬು. ಈ ಪತ್ರದಲ್ಲಿ ಕೇಳಿಸ್ತಿರೋದು ನಿಮ್ಮ ದನಿ. ನೀವು ಹೇಳೋದನ್ನ ನಂಬೋದು ಹೇಗೆ?"

ಮುಖ್ಯಸ್ಥೆ ತಂಗಿಯ ಕಡೆ ತಿರುಗಿದಳು. "ನೀವು ಹೇಳಿ. ಈ ಪತ್ರ ನಿಮ್ಮ ಮೇಷ್ಟ್ರದ್ದೇನಾ?"

ಹೌದು ಎಂದರೆ ಮುಗಿಯಿತಲ್ಲ! ಎರಡಕ್ಷರದ ಮಾತು. ಇವಳು ಏನೆಂದಳು ಗೊತ್ತೇ? "ನಾನು ಆಗ ಅಲ್ಲಿರಲಿಲ್ಲ. ಪತ್ರವನ್ನ ನಾನು ನೋಡೂ ಇಲ್ಲ. ಹೇಳಕ್ಕಾಗಲ್ಲ."

ನಾನು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಇಲ್ಲದಿದ್ದರೆ ಅಲ್ಲೇ ಅವಳ ಬೆನ್ನಿಗೆ ಒಂದು ಗುದ್ದುತ್ತಿದ್ದೆ. ಮುಖ್ಯಸ್ಥೆ ಪತ್ರವನ್ನು ಅವಳ ಮುಂದೆ ಸರಿಸಿದಳು. ತಂಗಿ ಅದನ್ನು ಓದಿದಳು. ಓದುತ್ತಾ ಓದುತ್ತಾ ಅವಳ ಕಿವಿ ಕೆಂಪಾಯಿತು. ಆಮೇಲೆ ಹಿಂದಕ್ಕೆ ಸರಿಸಿ, "ಅಕ್ಷರ ಅವರದ್ದು. ಶೈಲಿ ಅವರದ್ದಲ್ಲ. ನಿಮಗೆ ಅನುಮಾನ ಬಂದಿದ್ದು ಸರಿಯಾಗೇ ಇದೆ" ಎಂದಳು. ಸಣಕಲು ಪ್ರೊಫೆಸರ್ ಕಡತ ಮುಚ್ಚಿದ. ದಪ್ಪ ಮನುಷ್ಯ ಗಡಿಯಾರ ನೋಡಿದ. ನನಗೆ ಕಣ್ಣು ಕತ್ತಲೆ ಬಂದಿತು, ಇಷ್ಟು ವರ್ಷ ಓದಿದ್ದನ್ನೆಲ್ಲ ತನ್ನ ಬಾಯಿಂದಲೇ ನೀರಿಗೆ ಹಾಕಿಕೊಂಡಳಲ್ಲ ಎಂದು.

ಮುಖ್ಯಸ್ಥೆ ಮಾತ್ರ ಏಳಲಿಲ್ಲ. "ಒಂದು ಪ್ರಶ್ನೆ" ಎಂದಳು. "ನಿಮ್ಮ ಅಕ್ಕ ಅಲ್ಲಿದ್ರು. ತಮ್ಮ ಕಣ್ಣ ಮುಂದೆ ಮೇಷ್ಟ್ರು ಬರೆದ್ರು ಅಂತಾರೆ. ಅವರ ಮಾತು ನಂಬಬಹುದಾ?"

ತಂಗಿ ಯೋಚಿಸಿದಳು. ಅವಳು ಯೋಚಿಸುವುದು ನನಗೆ ಗೊತ್ತು, ಮಡಕೆ ಚೂರನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ, ಎಲ್ಲ ಕಡೆಯಿಂದ ನೋಡಿದ ಮೇಲೆಯೇ ಬಾಯಿ ಬಿಡುವುದು. ನಾನು ಆಸೆ ಬಿಟ್ಟು ಕೈಚೀಲ ಎತ್ತಿಕೊಂಡೆ.

"ಅಂಗಡಿಯಲ್ಲಿ ನಂಬಬಾರದು" ಎಂದಳು.

ಸಣಕಲು ಪ್ರೊಫೆಸರ್ ನಕ್ಕ. ಅವಳು ನಗಲಿಲ್ಲ.

"ನನ್ನ ವಿಷಯದಲ್ಲಿ ಅಕ್ಕ ಹೇಳಿದ್ದು ಒಂದೂ ಸುಳ್ಳಾಗಿಲ್ಲ. ಅಪ್ಪ ಹೋದಾಗ ನಾನು ಶಾಲೆ ಬಿಡ್ತೀನಿ ಅಂದೆ. ಬಿಡಲ್ಲ, ನೀನು ಓದ್ತೀಯ ಅಂದಳು. ಓದಿದೆ. ಅವಳು ಬಿಟ್ಟಳು. ಲ್ಯಾಟಿನ್ ತಲೆಗೆ ಹತ್ತಲ್ಲ ಅಂತ ಅಡುಗೆಮನೆಯಲ್ಲಿ ಕೂತು ಅಳ್ತಿದ್ದೆ. ಹತ್ತುತ್ತೆ ಕಣೇ ಅಂದಳು. ಹತ್ತಿತು. ಅವಳಿಗೆ ಆ ಭಾಷೆಯ ಒಂದಕ್ಷರವೂ ಗೊತ್ತಿಲ್ಲ. ಪುಸ್ತಕ ಹಿಡ್ಕೊಂಡು, ನಾನು ಹೇಳಿದ್ದೆಲ್ಲ ಸರಿ ಅನ್ನೋ ಹಾಗೆ ತಲೆ ಆಡಿಸ್ತಾ ಎದುರಿಗೆ ಕೂತಿರ್ತಿದ್ದಳು. ಅವಳು ಬರೆದದ್ದನ್ನ ನೋಡಿದೆ ಅಂದ್ರೆ ನೋಡಿದ್ದಾಳೆ. ಪತ್ರ ಮೇಷ್ಟ್ರದ್ದು."

ಸಣಕಲು ಪ್ರೊಫೆಸರ್ ತನ್ನ ಕನ್ನಡಕವನ್ನು ಎತ್ತಿ ಹಾಕಿಕೊಂಡ. ಮುಖ್ಯಸ್ಥೆ ಅವನ ಕಡೆ ನೋಡಿ, "ತನಗೆ ಸೀಟು ಹೋಗೋ ಮಾತನ್ನೂ ಇಷ್ಟು ಹೊತ್ತು ಹೇಳ್ತಾ ಕೂತಿದ್ದ ಹುಡುಗಿ ಇವಳು. ಇದನ್ನ ಹೇಳ್ತಿದ್ದಾಳೆ ಅಂದ್ರೆ ನಾನು ಒಪ್ತೀನಿ" ಎಂದಳು. ಅವನು ಸ್ವಲ್ಪ ಹೊತ್ತು ಪತ್ರ ನೋಡಿದ, ಆಮೇಲೆ ತಲೆಯಾಡಿಸಿದ. ಗುಮಾಸ್ತೆಯನ್ನು ಕರೆದು ಪತ್ರ ಅಸಲಿ ಎಂದು ಬರೆದುಕೊಳ್ಳಲು ಹೇಳಿದರು. "ತರಗತಿ ಶುರುವಾಗುವ ದಿನ ಬನ್ನಿ" ಎಂದು ಮುಖ್ಯಸ್ಥೆ ತಂಗಿಗೆ ಹೇಳಿದಳು. ತಂಗಿ ಕೈ ಮುಗಿದು ಎದ್ದಳು.

ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ನನಗೆ ತಡೆಯಲಾಗಲಿಲ್ಲ. ನಾಲ್ಕು ಜನರ ಮುಂದೆ ಅವಳ ತೋಳು ಹಿಡಿದು ನಿಲ್ಲಿಸಿದೆ.

"ಈ ಮಾತನ್ನ ಯಾರೋ ಹೊರಗಿನವರ ಮುಂದೆ ಹೇಳ್ಬೇಕಾಗಿತ್ತಾ? ಇಷ್ಟು ವರ್ಷ ಒಂದೇ ಮನೇಲಿ ಇದ್ದೀವಿ, ಒಂದು ದಿನ, ಒಂದೇ ಒಂದು ದಿನ ನನ್ನ ಹತ್ರ ಹೇಳ್ಬಾರ್ದಾಗಿತ್ತಾ?"

ಅವಳು ನನ್ನ ಮುಖ ನೋಡಿದಳು.

"ನೀನು ಯಾವತ್ತೂ ಕೇಳ್ಲಿಲ್ಲ" ಎಂದಳು.

ನಾನು ಆ ಮೆಟ್ಟಿಲ ಮೇಲೆಯೇ ಕುಸಿದು ಕುಳಿತು ಗೋಳೋ ಎಂದು ಅತ್ತುಬಿಟ್ಟೆ. ಅವಳೂ ಪಕ್ಕದಲ್ಲಿ ಕುಳಿತು ನನ್ನ ಕೈಚೀಲ ಹಿಡಿದುಕೊಂಡಳು. ಹತ್ತುವವರು ಇಳಿಯುವವರೆಲ್ಲ ನನಗೇ ಸೀಟು ತಪ್ಪಿತೆಂದುಕೊಂಡು, ಮುಂದಿನ ವರ್ಷ ಪ್ರಯತ್ನಿಸಿ ಎಂದು ಸಮಾಧಾನ ಹೇಳಿ ಹೋದರು.